ಡೆಕ್ ಮಾರುವ ಮುನ್ನ

ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿರುವ ಧ್ವನಿಮುದ್ರಣದ ಗೆಳೆಯರಿಗೆ,



ಭಜನಾ ಮಂಡಳಿಯ ಹಾಡು, ತಾಳಮದ್ದಳೆ, ಸೋಬಾನೆ ಪದ, ಭಾವಗೀತೆ, ಊರ ಶಾಲೆಯ ನಾಟಕದ ಹಿನ್ನೆಲೆ ಸಂಗೀತ, ಹೀಗೆ ದೊಡ್ಡ ಪಟ್ಟಣದ ಸ್ಟುಡಿಯೋದ ಮೆಟ್ಟಿಲು ಹತ್ತಲಾರದ ಎಷ್ಟೋ ದನಿಗಳನ್ನು ಟೇಪಿಗೆ ಇಳಿಸಿ ಉಳಿಸಿದವರು ನೀವು. ಈಗ ನಿಮ್ಮಲ್ಲಿ ಬಹಳ ಮಂದಿ ಕಂಪ್ಯೂಟರಿಗೆ ದಾಟಿದ್ದೀರಿ. ಇನ್ನು ಕೆಲವರು ದಾಟುವ ಹೊತ್ತಿನಲ್ಲಿದ್ದೀರಿ. ಭೇಟಿಯಾದಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ: ಯಾವ ಆಡಿಯೋ ಇಂಟರ್‌ಫೇಸ್ ಕೊಳ್ಳಲಿ, ಯಾವ ಸಾಫ್ಟ್‌ವೇರ್ ಕಲಿಯಲಿ, ಹಳೆಯ ಡೆಕ್ಕಿಗೆ ಎಷ್ಟು ಬೆಲೆ ಸಿಕ್ಕೀತು. ಮೊದಲಿನ ಎರಡಕ್ಕೆ ಉತ್ತರ ಸುಲಭ. ಅಂಗಡಿಯಲ್ಲಿ ಸಿಗುವ ಎರಡು ಮೈಕ್ ಇನ್‌ಪುಟ್‌ನ ಸಾಧಾರಣ ಇಂಟರ್‌ಫೇಸ್ ಕೂಡ ಇವತ್ತು 24 ಬಿಟ್‌ನಲ್ಲಿ ಚೊಕ್ಕಟವಾಗಿ ಮುದ್ರಿಸುತ್ತದೆ. ಸಾಫ್ಟ್‌ವೇರನ್ನು ಆಡಾಸಿಟಿಯಂಥ ಉಚಿತವಾದದ್ದರಿಂದ ಶುರುಮಾಡಿದರೂ ಏನೂ ಕೆಡುವುದಿಲ್ಲ. ಮೂರನೆಯ ಪ್ರಶ್ನೆಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಡೆಕ್ಕನ್ನು ಈಗಲೇ ಮಾರಬೇಡಿ.

ಹಳೆಯದರ ಮೋಹದಿಂದ ಇದನ್ನು ಹೇಳುತ್ತಿಲ್ಲ. ದಾಟುವುದು ಸರಿ ಎಂದೇ ನನ್ನ ನಂಬಿಕೆ. ಆದರೆ ಟೇಪು ನಮ್ಮ ಪರವಾಗಿ ಕೆಲವು ಕೆಲಸಗಳನ್ನು ನಮಗೆ ಗೊತ್ತೇ ಆಗದಂತೆ ಮಾಡಿಕೊಡುತ್ತಿತ್ತು. ಕೋಣೆಯ ಸದ್ದನ್ನು ಮುಚ್ಚುತ್ತಿತ್ತು. ಚೂಪಾದ ಪೆಟ್ಟನ್ನು ತುಸು ಮೊಂಡು ಮಾಡಿ ಸಹ್ಯವಾಗಿಸುತ್ತಿತ್ತು. ಯಾವ ಟೇಕ್ ಉಳಿಯಬೇಕೆಂದು ಹಾಡುಗಾರರು ಎದುರಿಗಿದ್ದಾಗಲೇ ತೀರ್ಮಾನಿಸುವಂತೆ ಒತ್ತಾಯಿಸುತ್ತಿತ್ತು. ಕಪಾಟಿನಲ್ಲಿಟ್ಟರೆ ಯಾರೂ ಮುಟ್ಟದೆ ದಶಕಗಟ್ಟಲೆ ಕಾದಿರುತ್ತಿತ್ತು. ಡಿಜಿಟಲ್ ಇವುಗಳಲ್ಲಿ ಒಂದನ್ನೂ ಮಾಡಿಕೊಡುವುದಿಲ್ಲ. ಆ ಕೆಲಸವೆಲ್ಲ ಈಗ ನಮ್ಮ ಪಾಲಿಗೆ ಬಂದಿದೆ. ಇದು ಅರಿವಾಗದೆ ದಾಟಿದವರೇ ಒಂದೆರಡು ವರ್ಷದ ಮೇಲೆ ‘ಟೇಪಿನಲ್ಲಿ ಇದ್ದ ಜೀವ ಇದರಲ್ಲಿ ಇಲ್ಲ’ ಎಂದು ನೊಂದುಕೊಳ್ಳುತ್ತಾರೆ.

ನಾವು ಎಲ್ಲಿಂದ ಬಂದೆವು ಎಂಬುದನ್ನು ಸ್ವಲ್ಪ ನೆನೆಯೋಣ. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ, ಅದೂ ಮಾತು ಬರೆದುಕೊಳ್ಳುವ ಸಾಧನವಾಗಿ. ಸಂಗೀತಕ್ಕೆ ಅದು ಸಾಕಾದೀತೆಂದು ಆಗ ಹೆಚ್ಚಿನವರು ಎಣಿಸಿರಲಿಲ್ಲ. 1979ರಲ್ಲಿ ಟಾಸ್ಕಾಮ್‌ನ ಪೋರ್ಟಾಸ್ಟುಡಿಯೋ 144 ಬಂತು. ಅದೇ ಪುಟ್ಟ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ಮುದ್ರಿಸುವ ದಾರಿ ಮನೆಯೊಳಗೆ ಬಂದದ್ದು ಹಾಗೆ. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಮನೆಯಲ್ಲಿ ಕುಳಿತು ಆ ಯಂತ್ರದಲ್ಲಿ ಹಾಡುಗಳನ್ನು ಮಾದರಿಗೆಂದು ಮುದ್ರಿಸಿಕೊಂಡರು. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ಎಷ್ಟು ಹೆಣಗಿದರೂ ಆ ಭಾವ ಮರಳಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಎಂಬ ಆಲ್ಬಮ್ ಆಗಿ ಹೊರಬಂತು. ನಮ್ಮಲ್ಲಿ 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯ ನಂತರ ಭಾವಗೀತೆ ಮನೆಮನೆಯ ಟೇಪ್‌ರೆಕಾರ್ಡರ್‌ಗೆ ಬಂತು. ಬೆನ್ನಿಗೇ ಜಿಲ್ಲೆ ಜಿಲ್ಲೆಯಲ್ಲೂ ಭಕ್ತಿಗೀತೆಯ, ಯಕ್ಷಗಾನದ, ಲಾವಣಿ ಪದಗಳ ಕ್ಯಾಸೆಟ್ಟುಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ತೂಗಾಡತೊಡಗಿದವು. ಅವುಗಳಲ್ಲಿ ಎಷ್ಟೋ ಸಣ್ಣ ಕೋಣೆಗಳಲ್ಲಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು ಮುದ್ರಿಸಿದವು. ನಾವು ಆ ಕೋಣೆಗಳ ವಾರಸುದಾರರು.

ಆ ಕೋಣೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಟೇಪಿಗೆ ತನ್ನದೇ ಒಂದು ‘ಹಿಸ್’ ಇತ್ತು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಅತಿ ಜೋರಿನ ಸದ್ದಿಗೂ ಆ ಹಿಸ್‌ಗೂ ನಡುವೆ ಇದ್ದ ಅಂತರ ಸುಮಾರು 50 ಡೆಸಿಬಲ್. ಹಿಸ್ ತಗ್ಗಿಸುವ ಡಾಲ್ಬಿ ಬಿ ಹಾಕಿದರೆ ಮೇಲಿನ ಸ್ವರಭಾಗದಲ್ಲಿ ಇನ್ನೊಂದು 10 ಡೆಸಿಬಲ್ ಸಿಗುತ್ತಿತ್ತು.  16 ಬಿಟ್‌ನ ಸಿ.ಡಿ.ಯಲ್ಲಿ ಆ ಅಂತರ 96 ಡೆಸಿಬಲ್‌ಗೆ ಏರಿತು. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಒಳ್ಳೆಯ ಇಂಟರ್‌ಫೇಸ್‌ಗಳು ವಾಸ್ತವದಲ್ಲಿ 110ರ ಆಚೀಚೆ ನಿಲ್ಲುತ್ತವೆ. ಹೇಗೆ ನೋಡಿದರೂ ನಮ್ಮ ಮನೆಯ ಯಾವ ಕೋಣೆಯೂ ಅಷ್ಟು ನಿಶ್ಶಬ್ದವಾಗಿಲ್ಲ.

ಹಾಗಾಗಿ ಹಿಸ್‌ನ ಅಡಿಯಲ್ಲಿ ಹೂತಿದ್ದದ್ದೆಲ್ಲ ಈಗ ಮೇಲೆದ್ದು ಬರುತ್ತದೆ. ಪಕ್ಕದ ಕೋಣೆಯ ಫ್ಯಾನು, ಫ್ರಿಜ್ಜಿನ ಗುನುಗು, ಕಂಪ್ಯೂಟರಿನೊಳಗಿನ ಪುಟ್ಟ ಫ್ಯಾನು, ದೂರದ ನೀರಿನ ಪಂಪು. ಇವುಗಳಿಗಿಂತ ಹೆಚ್ಚಾಗಿ, ಗೋಡೆಯಿಂದ ಗೋಡೆಗೆ ಪುಟಿದು ಬರುವ ಕೋಣೆಯ ದನಿಯೇ ಕೇಳಿಸುತ್ತದೆ. ರೆಡ್‌ಆಕ್ಸೈಡ್ ಅಥವಾ ಟೈಲ್ಸ್ ನೆಲ, ಎದುರುಬದುರು ಸಿಮೆಂಟು ಗೋಡೆ, ಮೇಲೆ ಆರ್‌ಸಿಸಿ ತಾರಸಿ ಇರುವ ನಮ್ಮ ಮನೆಗಳಲ್ಲಿ ಒಮ್ಮೆ ಕೈ ತಟ್ಟಿ ನೋಡಿ. ಚಪ್ಪಾಳೆಯ ಹಿಂದೆ ಲೋಹದ ಸ್ಪ್ರಿಂಗ್ ಮಿಡಿದಂಥ ಸದ್ದು ಬಂದರೆ ಅದೇ ನಿಮ್ಮ ಗಾಯಕರ ದನಿಗೂ ಮೆತ್ತಿಕೊಳ್ಳುತ್ತದೆ. ಹೊಸ ಮೈಕು ಕೊಂಡರೆ ಅದು ಹೋಗುವುದಿಲ್ಲ. ಒಳ್ಳೆಯ ಕಂಡೆನ್ಸರ್ ಮೈಕಂತೂ ಅದನ್ನು ಇನ್ನಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ.

ಇಂಟರ್‌ಫೇಸಿಗೆ ಎತ್ತಿಟ್ಟ ಹಣದಲ್ಲಿ ಅರ್ಧವನ್ನು ಕೋಣೆಗೆ ಹಾಕಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವ ಅಭ್ಯಾಸ ಇನ್ನೂ ಇದೆ. ಆ ತೆಳು ರಟ್ಟು ಮೇಲಿನ ಸ್ವರಗಳನ್ನು ಚೂರು ಹೀರುತ್ತದೆ ಅಷ್ಟೆ, ಮೃದಂಗದ ಎಡದ ಭಾಗಕ್ಕೂ ಗಂಡಸಿನ ದನಿಯ ಕೆಳಭಾಗಕ್ಕೂ ಅದು ಏನೂ ಮಾಡುವುದಿಲ್ಲ. ಅದರ ಬದಲು ಹತ್ತಿಯ ಹಳೆ ಹಾಸಿಗೆಗಳನ್ನು ಮೂಲೆಗಳಲ್ಲಿ ನಿಲ್ಲಿಸಿ, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು ದಪ್ಪ ರಜಾಯಿ ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಬಡಗಿಯಿಂದ ಮರದ ಚೌಕಟ್ಟು ಮಾಡಿಸಿ ರಾಕ್‌ವೂಲ್ ತುಂಬಿ ಬಟ್ಟೆ ಹೊದಿಸಿ. ಎರಡು ಕಡೆ ಪುಸ್ತಕದ ಕಪಾಟು ಇರುವ ಕೋಣೆ ಖಾಲಿ ಕೋಣೆಗಿಂತ ಎಷ್ಟೋ ಮೇಲು. ಹೆಂಚಿನ ಮನೆಯವರಿಗೆ ಇಲ್ಲಿ ಒಂದು ಅನುಕೂಲವಿದೆ, ಓರೆಯಾದ ಮಾಡಿನಿಂದಾಗಿ ನೆಲಕ್ಕೂ ಮಾಡಿಗೂ ನಡುವೆ ದನಿ ಪುಟಿಯುವುದು ಕಡಿಮೆ. ಮಳೆಗಾಲದಲ್ಲಿ ಮಾತ್ರ ಅವರು ಕೈಕಟ್ಟಿ ಕೂರಬೇಕು.

ಹಮ್ ಇನ್ನೊಂದು. ನಮ್ಮ ಕರೆಂಟು 50 ಹರ್ಟ್ಜ್‌ನದು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಆ 50 ಮತ್ತು ಅದರ ದುಪ್ಪಟ್ಟು 100 ಹರ್ಟ್ಜ್ ತಂಬೂರಿಯ ಜತೆಗೆ ಎರಡನೆಯ ಶ್ರುತಿಯಾಗಿ ನಿಂತುಬಿಡುತ್ತವೆ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ನೋಡಿಸಿ. ಕರೆಂಟು ಹೋದಾಗ ಅಗ್ಗದ ಸ್ಕ್ವೇರ್‌ವೇವ್ ಇನ್‌ವರ್ಟರ್‌ನಲ್ಲಿ ಮುದ್ರಿಸಬೇಡಿ, ಅದರ ಕಿರಿಕಿರಿ ದನಿಯೊಳಗೇ ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಅದರದೇ ಬ್ಯಾಟರಿಯಲ್ಲಿ ನಡೆಸಿದರೆ ಎಷ್ಟೋ ಕಡೆ ಹಮ್ ಅರ್ಧಕ್ಕರ್ಧ ಇಳಿಯುತ್ತದೆ.

ಇನ್ನು ಲೆವೆಲ್‌ನ ವಿಚಾರ. ಟೇಪಿನಿಂದ ಬಂದವರ ಕೈ ತಪ್ಪುವುದು ಹೆಚ್ಚಾಗಿ ಇಲ್ಲೇ. ಹಿಸ್‌ನಿಂದ ತಪ್ಪಿಸಿಕೊಳ್ಳಲು ನಾವು ಮುಳ್ಳನ್ನು ಕೆಂಪಿನ ತನಕ ಏರಿಸುತ್ತಿದ್ದೆವು, ಆಗಾಗ ಕೆಂಪಿನ ಒಳಕ್ಕೂ. ಟೇಪಿನ ಕಾಂತೀಯ ಲೇಪಕ್ಕೆ ತಡೆಯಲಾರದಷ್ಟು ಸದ್ದು ಬಂದರೆ ಅದು ಒಮ್ಮೆಲೇ ಒಡೆಯುತ್ತಿರಲಿಲ್ಲ. ಮೆಲ್ಲಮೆಲ್ಲನೆ ತಲೆ ಬಾಗಿಸುತ್ತಿತ್ತು, ದನಿಗೆ ಒಂದು ತುಂಬುತನ ಬರುತ್ತಿತ್ತು. ‘ಟೇಪಿನ ಬಿಸುಪು’ ಎಂದು ನಾವು ಹೇಳುತ್ತ ಬಂದಿರುವುದರಲ್ಲಿ ದೊಡ್ಡ ಪಾಲು ಇದರದು. ಡಿಜಿಟಲ್‌ನಲ್ಲಿ ಸೊನ್ನೆಯೇ ಕೊನೆ. ಅದರ ಮೇಲೆ ಸಂಖ್ಯೆಯೇ ಇಲ್ಲ. ಸೊನ್ನೆ ಮುಟ್ಟಿದ ಅಲೆಯ ತಲೆ ಅಲ್ಲೇ ಕತ್ತರಿಸಿ ಹೋಗುತ್ತದೆ, ಆ ಕರಕರ ಸದ್ದನ್ನು ಆಮೇಲೆ ಪೂರ್ತಿ ತೆಗೆಯಲು ಬರುವುದಿಲ್ಲ.

ಚೆಂಡೆಯನ್ನೇ ತೆಗೆದುಕೊಳ್ಳಿ. ನಮ್ಮ ಹಳೆಯ ಡೆಕ್ಕಿನ ವಿಯು ಮೀಟರಿನ ಮುಳ್ಳು ಒಂದು ಸದ್ದಿಗೆ ಸರಿಯಾಗಿ ಏಳಲು 300 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಚೆಂಡೆಯ ಪೆಟ್ಟಿನ ತುದಿ ಅಷ್ಟು ಹೊತ್ತಿಗೆ ಬಂದು ಹೋಗಿಯೇ ಬಿಟ್ಟಿರುತ್ತದೆ. ಮುಳ್ಳು ಮಧ್ಯದಲ್ಲೇ ಓಲಾಡುತ್ತಿದ್ದರೂ ಟೇಪಿನೊಳಗೆ ಆ ತುದಿಗಳೆಲ್ಲ ಮೊಂಡಾಗಿ ಕೂತಿರುತ್ತಿದ್ದವು. ಭಾಗವತರ ದನಿ, ಮದ್ದಳೆ, ಚೆಂಡೆ ಮೂರೂ ಒಂದೇ ಮೈಕಿನಲ್ಲಿ ಹೇಗೋ ಹೊಂದಿಕೊಂಡಿದ್ದಕ್ಕೆ ಅದೂ ಒಂದು ಕಾರಣ. ಅದೇ ತಂಡವನ್ನು ಅದೇ ಕೈಯಂದಾಜಿನಲ್ಲಿ ಇಂಟರ್‌ಫೇಸಿಗೆ ಕೊಟ್ಟರೆ ಪದ್ಯದ ಏರುಗತಿಯಲ್ಲಿ ಚೆಂಡೆಯ ಪ್ರತಿಯೊಂದು ಪೆಟ್ಟೂ ಒಡೆಯುತ್ತದೆ.

ಪರಿಹಾರ ಸರಳ, ಅಭ್ಯಾಸ ಬಿಡುವುದಷ್ಟೇ ಕಷ್ಟ. 24 ಬಿಟ್‌ನಲ್ಲಿ ಮುದ್ರಿಸಿ, ಸರಾಸರಿ ದನಿ ಮೈನಸ್ 18 ಡೆಸಿಬಲ್‌ನ ಆಸುಪಾಸಿನಲ್ಲಿ ನಿಲ್ಲಲಿ, ಅತಿ ಜೋರಿನ ಪೆಟ್ಟು ಮೈನಸ್ 6 ದಾಟದಿರಲಿ. ಪರದೆಯ ಮೇಲೆ ಅಲೆ ಸಣ್ಣಗೆ ಕಂಡು ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆಗಲಿ. ಒಂದು ಬಿಟ್ ಎಂದರೆ 6 ಡೆಸಿಬಲ್. ಮೈನಸ್ 18ರಲ್ಲಿ ಮುದ್ರಿಸಿದರೆ 3 ಬಿಟ್‌ಗಳನ್ನು ಖಾಲಿ ಬಿಟ್ಟಂತೆ, ಇನ್ನೂ 21 ಉಳಿದಿರುತ್ತವೆ. ನಿಮ್ಮ ಕೋಣೆಯ ಗದ್ದಲ ಅದಕ್ಕಿಂತ ಎಷ್ಟೋ ಮೇಲೆಯೇ ಇರುವುದರಿಂದ ಏನನ್ನೂ ಕಳೆದುಕೊಂಡಿರುವುದಿಲ್ಲ. ಜೋರು ಮಾಡುವುದನ್ನು ಆಮೇಲೆ ಮಾಡಬಹುದು. ಅದನ್ನೂ ಅತಿ ಮಾಡಬೇಡಿ. ಸ್ಪಾಟಿಫೈಯಂಥ ಸೇವೆಗಳು ಎಲ್ಲರ ಹಾಡನ್ನೂ ತಮ್ಮ ಅಳತೆಗೆ, ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ, ಇಳಿಸಿಯೇ ಕೇಳಿಸುತ್ತವೆ. ಹಿಂಡಿ ಜೋರು ಮಾಡಿದ ಹಾಡು ಅಲ್ಲಿ ಬರಿದೇ ಬಳಲಿದ ಹಾಡಾಗಿ ಕೇಳುತ್ತದೆ.

ಹೆಡ್‌ಫೋನ್ ಹಾಕಿಕೊಂಡ ಹಾಡುಗಾರರು ‘ನನ್ನ ದನಿ ನನಗೇ ತಡವಾಗಿ ಬರ್ತಾ ಇದೆ’ ಎಂದರೆ ಗಾಬರಿ ಬೇಡ. 48 ಕಿಲೋಹರ್ಟ್ಜ್‌ನಲ್ಲಿ 256 ಸ್ಯಾಂಪಲ್‌ನ ಬಫರ್ ಎಂದರೆ 5 ಮಿಲಿಸೆಕೆಂಡಿಗಿಂತ ತುಸು ಹೆಚ್ಚು, ದನಿ ಕಂಪ್ಯೂಟರಿನೊಳಗೆ ಹೋಗಿಬರುವಷ್ಟರಲ್ಲಿ ಅದು ಎರಡರಷ್ಟನ್ನೂ ಮೀರುತ್ತದೆ. ಇಂಟರ್‌ಫೇಸಿನಲ್ಲಿರುವ ಡೈರೆಕ್ಟ್ ಮಾನಿಟರ್ ಗುಂಡಿಯನ್ನು ಒತ್ತಿದರೆ ಆ ತಾಪತ್ರಯವೇ ಇಲ್ಲ.

ನನ್ನ ಮನಸ್ಸಿಗೆ ಇದಕ್ಕಿಂತ ಹೆಚ್ಚು ಹತ್ತಿರವಾದದ್ದು ಹಾಡುವವರ ಮುಂದೆ ನಾವು ಹೇಗೆ ಕೂರುತ್ತೇವೆ ಎಂಬುದು. ನಾಲ್ಕೇ ಟ್ರ್ಯಾಕ್ ಇದ್ದಾಗ ಹೊಸ ಟೇಕ್ ಮುದ್ರಿಸಬೇಕೆಂದರೆ ಹಳೆಯದನ್ನು ಅಳಿಸಬೇಕಿತ್ತು. ಅಳಿಸುವ ಮೊದಲು ಎಲ್ಲರೂ ಕೂತು ಕೇಳುತ್ತಿದ್ದೆವು, ಇದು ಇರಲಿ ಎಂದೋ ಬೇಡ ಎಂದೋ ಒಪ್ಪಿಕೊಳ್ಳುತ್ತಿದ್ದೆವು. ಈಗ ಎಷ್ಟು ಟೇಕ್ ಬೇಕಾದರೂ ಹಿಡಿದಿಡಬಹುದು, ‘ಆಮೇಲೆ ಜೋಡಿಸಿಕೊಳ್ಳೋಣ’ ಎಂಬ ಮಾತು ಬಾಯಿಗೆ ಸಲೀಸಾಗಿ ಬರುತ್ತದೆ. ಆ ‘ಆಮೇಲೆ’ಯ ಬೆಲೆ ಏನೆಂದು ತಂಬೂರಿ ತೋರಿಸಿಕೊಡುತ್ತದೆ. ಹಾಡುಗಾರರ ಮೈಕಿಗೇ ತಂಬೂರಿಯ ನಾದವೂ ಬಿದ್ದಿದ್ದರೆ, ಒಂದು ಟೇಕಿನ ಪಲ್ಲವಿಗೆ ಇನ್ನೊಂದರ ಚರಣವನ್ನು ಜೋಡಿಸಿದ ಕಡೆ ಪ-ಸಾ-ಸಾ-ಸ ಮೀಟಿನ ಸುತ್ತು ಮುರಿಯುತ್ತದೆ. ದನಿಯಲ್ಲಿ ಗೊತ್ತಾಗದ ಬೆಸುಗೆ ತಂಬೂರಿಯಲ್ಲಿ ಗೊತ್ತಾಗಿಬಿಡುತ್ತದೆ. ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಮೊದಲೇ ಉದ್ದಕ್ಕೆ ಮುದ್ರಿಸಿ ಹೆಡ್‌ಫೋನಿನಲ್ಲಿ ಕೊಟ್ಟರೆ ಈ ತೊಂದರೆ ಇರುವುದಿಲ್ಲ. ಆದರೆ ತಂಬೂರಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು ಹಾಡಿ ಬೆಳೆದವರಿಗೆ ಹೆಡ್‌ಫೋನಿನ ಶ್ರುತಿ ಹಿತವಾಗುವುದಿಲ್ಲ. ಅಂಥವರು ಬಂದರೆ ತಂಬೂರಿ ಪಕ್ಕದಲ್ಲೇ ಇರಲಿ. ಇಡೀ ಹಾಡನ್ನು ಒಂದೇ ಉಸಿರಿಗೆ ಮುದ್ರಿಸಿ, ಜೋಡಿಸುವ ಆಸೆ ಬಿಡಿ.

ಸ್ವರ ತಿದ್ದುವ ಸಾಫ್ಟ್‌ವೇರ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ. ಆಟೋಟ್ಯೂನ್ 1997ರಲ್ಲಿ ಬಂತು. ಅದನ್ನು ಇದ್ದ ಹಾಗೆ ಬಳಸಿದರೆ ಸಪ್ತಕವನ್ನು ಸಮನಾದ 12 ಮೆಟ್ಟಿಲು ಎಂದೇ ಎಣಿಸುತ್ತದೆ. ತೋಡಿಯ ಗಾಂಧಾರವನ್ನು ಹಾಡುವವರು ರಿಷಭ ಮಧ್ಯಮಗಳ ನಡುವೆ ತೂಗುತ್ತಾರೆ, ಒಂದು ಕಡೆ ನಿಲ್ಲಿಸುವುದಿಲ್ಲ. ಸಾಫ್ಟ್‌ವೇರಿಗೆ ಅದು ತಪ್ಪಿದ ಸ್ವರ. ಅದು ತಿದ್ದಿದ ಮೇಲೆ ರಾಗ ಅಲ್ಲಿರುವುದಿಲ್ಲ. ಚೌಡಿಕೆ ಹಿಡಿದು ಎಲ್ಲಮ್ಮನ ಪದ ಹಾಡುವವರ ಶ್ರುತಿ, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿಯ ಶ್ರುತಿ ಯಾವ ಕೀಬೋರ್ಡಿನ ಮನೆಗೂ ಸರಿಯಾಗಿ ಕೂರಬೇಕೆಂದಿಲ್ಲ. ಅವರು ಹಾಡುತ್ತ ಹಾಡುತ್ತ ಲಯ ಏರಿಸುವುದು ಕಥೆ ಏರಿದ್ದಕ್ಕೆ. ಕ್ಲಿಕ್ ಟ್ರ್ಯಾಕಿಗೆ ಕಟ್ಟಿ ಹಾಕಿದರೆ ಅವರಿಂದ ಕಥೆಯನ್ನೇ ಕಸಿದುಕೊಂಡಂತೆ. ಸಿನಿಮಾ ಹಾಡಿಗೆ, ಕೀಬೋರ್ಡ್ ತುಂಬಿದ ಭಕ್ತಿಗೀತೆಗೆ ಈ ಸಾಧನಗಳು ಬೇಕಾದಾವು. ಜನಪದ ಹಾಡುಗಾರರು ನಿಮ್ಮ ಮನೆಗೆ ಬಂದ ದಿನ ಅವುಗಳನ್ನು ಮುಚ್ಚಿಡಿ.

ಈಗ ಮತ್ತೆ ಡೆಕ್ಕಿಗೆ ಬರುತ್ತೇನೆ. ನಿಮ್ಮ ಅಟ್ಟದಲ್ಲೋ ಗೋದ್ರೇಜ್ ಬೀರುವಿನ ಕೆಳಖಾನೆಯಲ್ಲೋ ಇರುವ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಜಗತ್ತಿನಲ್ಲಿ ಒಂದೇ ಪ್ರತಿ ಇರುವಂಥವು. ಹಾಡಿದವರಲ್ಲಿ ಅನೇಕರು ಈಗ ಇಲ್ಲ. ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಟೇಪುಗಳ ಕುರಿತು ಒಂದು ಎಚ್ಚರಿಕೆಯ ಅಭಿಯಾನವನ್ನೇ ನಡೆಸಿದವು. 2025ರ ಹೊತ್ತಿಗೆ ಟೇಪು ನುಡಿಸುವ ಯಂತ್ರಗಳೂ ಅವುಗಳ ಬಿಡಿಭಾಗಗಳೂ ಸಿಗುವುದು ದುರ್ಲಭವಾಗುತ್ತದೆ ಎಂಬುದು ಆ ಎಚ್ಚರಿಕೆ. ಆ ವರ್ಷ ಬಂದಾಗಿದೆ. ಟೇಪು ಕೆಡುವುದಕ್ಕಿಂತ ಮೊದಲೇ ಯಂತ್ರ ಕೆಡುತ್ತಿದೆ. ಬೆಲ್ಟು ಕರಗಿ ಅಂಟಾಗುತ್ತದೆ, ಪಿಂಚ್ ರೋಲರ್ ಗಟ್ಟಿಯಾಗುತ್ತದೆ, ರಿಪೇರಿ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಅಂಗಡಿ ಮುಚ್ಚುತ್ತಿದ್ದಾರೆ. ಗುಜರಿಗೆ ಹಾಕಿದ ಡೆಕ್ಕು ಮರಳಿ ಬರುವುದಿಲ್ಲ.

ಟೇಪನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಬೇಸರದ್ದು, ಒಂದು ಗಂಟೆಯ ಟೇಪಿಗೆ ಒಂದು ಗಂಟೆಗಿಂತ ಹೆಚ್ಚೇ ಬೇಕು. ಆದರೂ ಎರಡು ಕೆಲಸಗಳನ್ನು ಬಿಡಬೇಡಿ. ಒಂದು, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸುವುದು. ಇನ್ನೊಂದು, ಅಜಿಮತ್ ಸರಿಮಾಡುವುದು. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಎಡ ಬಲ ಎರಡನ್ನೂ ಕೂಡಿಸಿ ಮೋನೋದಲ್ಲಿ ಕೇಳುತ್ತ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ತಾಳದ ಸದ್ದು, ‘ಸ’ ‘ಶ’ಗಳ ಸದ್ದು ಎಲ್ಲಿ ಅತಿ ಸ್ಪಷ್ಟವೋ ಅಲ್ಲಿ ನಿಲ್ಲಿಸಿ. ಪ್ರತಿಯೊಂದು ಟೇಪನ್ನೂ ಬೇರೆಬೇರೆ ಯಂತ್ರದಲ್ಲಿ ಮುದ್ರಿಸಿರುವುದರಿಂದ ಪ್ರತಿ ಟೇಪಿಗೂ ಇದನ್ನು ಮಾಡಬೇಕು. ಮಂಕಾಗಿ ಕೇಳುವ ಎಷ್ಟೋ ಹಳೆಯ ಕ್ಯಾಸೆಟ್ಟುಗಳು ನಿಜಕ್ಕೂ ಮಂಕಾಗಿಲ್ಲ, ಹೆಡ್ಡು ಓರೆಯಾಗಿದೆ ಅಷ್ಟೆ. ಈಕ್ವಲೈಜರ್ ಹಚ್ಚಿ ಎಬ್ಬಿಸಲಾಗದ ದನಿ ಆ ಸ್ಕ್ರೂವಿನ ಕಾಲು ತಿರುವಿಗೆ ಎದ್ದು ಬರುತ್ತದೆ.

ವೇಗವನ್ನೂ ನೋಡಿ. ಡೆಕ್ಕು ಶೇಕಡಾ 6ರಷ್ಟು ವೇಗವಾಗಿ ಓಡಿದರೆ ಶ್ರುತಿ ಒಂದು ಅರ್ಧಸ್ವರ ಮೇಲೇರುತ್ತದೆ, ಬಿಳಿ ಒಂದರ ಹಾಡು ಕಪ್ಪು ಒಂದಕ್ಕೆ ಹೋಗುತ್ತದೆ. ಹಾಡಿದವರ ಮನೆಯವರಿಗೋ ಜತೆಯ ಹಾರ್ಮೋನಿಯಂನವರಿಗೋ ಅವರ ಶ್ರುತಿ ನೆನಪಿರುತ್ತದೆ, ಕೇಳಿ ತಿಳಿದುಕೊಂಡು ಹೊಂದಿಸಿ. ಟೇಪಿನಲ್ಲಿ ಕರೆಂಟಿನ ಹಮ್ ಉಳಿದಿದ್ದರೆ ಅದು 50 ಹರ್ಟ್ಜ್‌ಗೆ ಹತ್ತಿರವಿದೆಯೇ ಎಂದೂ ಪರೀಕ್ಷಿಸಬಹುದು. ಮೂಲದಲ್ಲಿ ಡಾಲ್ಬಿ ಹಾಕಿ ಮುದ್ರಿಸಿದ್ದರೆ ನುಡಿಸುವಾಗಲೂ ಅದೇ ಡಾಲ್ಬಿ ಇರಬೇಕು.

ನಾಲ್ಕು ಟ್ರ್ಯಾಕಿನ ಯಂತ್ರವಿದ್ದವರು ಇನ್ನೂ ಜೋಪಾನ. ಅದರ ಕ್ಯಾಸೆಟ್ಟನ್ನು ಮಾಮೂಲಿ ಡೆಕ್ಕಿಗೆ ಹಾಕಿದರೆ ಎರಡು ಟ್ರ್ಯಾಕು ನೆಟ್ಟಗೆ ಕೇಳುತ್ತವೆ, ಮಗ್ಗುಲು ಬದಲಿಸಿದರೆ ಉಳಿದೆರಡು ಹಿಂದುಮುಂದಾಗಿ ಕೇಳುತ್ತವೆ. ಪೋರ್ಟಾಸ್ಟುಡಿಯೋ 144 ಟೇಪನ್ನು ಮಾಮೂಲಿಗಿಂತ ಎರಡು ಪಟ್ಟು ವೇಗದಲ್ಲಿ ಓಡಿಸುತ್ತಿದ್ದರಿಂದ ಅದರಲ್ಲಿ ಮುದ್ರಿಸಿದ್ದು ಬೇರೆಡೆ ಅರ್ಧ ವೇಗದಲ್ಲಿ ಕೇಳುತ್ತದೆ. ಕಂಪ್ಯೂಟರಿನಲ್ಲಿ ತಿರುಗಿಸಿ, ಎರಡರಷ್ಟು ಓಡಿಸಿ ಒಂದುಮಟ್ಟಿಗೆ ಜೋಡಿಸಬಹುದು ನಿಜ. ಆದರೆ ನಾಲ್ಕನ್ನೂ ಒಟ್ಟಿಗೆ, ಮೂಲದಲ್ಲಿದ್ದ ಹಾಗೆ ಕೊಡಬಲ್ಲದ್ದು ಅಂಥದೇ ಯಂತ್ರ ಮಾತ್ರ.

ಕರಾವಳಿಯವರೂ ಮಲೆನಾಡಿನವರೂ ಟೇಪನ್ನು ಡೆಕ್ಕಿಗೆ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು. ಹಾಗೇ ನುಡಿಸಿದರೆ ಹೆಡ್ಡಿನ ಮೂಲಕ ಉಳಿದ ಟೇಪುಗಳಿಗೂ ಹರಡುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಅಂಥದನ್ನು ಬೇರೆ ಇಡಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಒಣಬಟ್ಟೆಯಿಂದ ಒರೆಸಿದ ಮೇಲೆ ಮುಟ್ಟಿ. ಒಳಗಿನ ಫೆಲ್ಟ್ ಪ್ಯಾಡ್ ಉದುರಿದ ಕ್ಯಾಸೆಟ್ಟನ್ನು ಎಸೆಯಬೇಡಿ, ಸುರುಳಿಯನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ವರ್ಗಾಯಿಸಿದರೆ ಅದು ಮತ್ತೆ ಹಾಡುತ್ತದೆ. ರೀಲ್ ಟೇಪು ಇರುವವರಿಗೆ ಒಂದೇ ಮಾತು: 1970-80ರ ದಶಕದ ಕೆಲವು ರೀಲ್‌ಗಳು ಅಂಟಂಟಾಗಿ ಹೆಡ್ಡಿಗೆ ಹಿಡಿದುಕೊಳ್ಳುತ್ತವೆ. ಅವಕ್ಕೆ ಹದವಾದ ಶಾಖ ಕೊಡುವ ಚಿಕಿತ್ಸೆ ಇದೆ, ಅದು ಅಡುಗೆಮನೆಯ ಓವನ್‌ನಲ್ಲಿ ಮಾಡುವಂಥದ್ದಲ್ಲ, ಬಲ್ಲವರಿಗೇ ಕೊಡಿ. 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಆರ್ಕ್ ಎಂಬ ಜನಾಂಗೀಯ ಸಂಗೀತದ ಸಂಗ್ರಹಾಲಯದಂಥ ಕಡೆ ಈ ವಿಷಯ ಬಲ್ಲವರಿದ್ದಾರೆ.

ಇಳಿಸುವಾಗ 24 ಬಿಟ್, ಸಾಧ್ಯವಾದರೆ 96 ಕಿಲೋಹರ್ಟ್ಜ್, ಕಡಿಮೆಯೆಂದರೆ 48. ಫೈಲ್ ವೇವ್ ಆಗಿರಲಿ, ಎಂಪಿ3 ಹಂಚಲಿಕ್ಕೆ ಮಾತ್ರ. ಒಂದು ಸಿ-90 ಕ್ಯಾಸೆಟ್ಟು 96ರಲ್ಲಿ ಸುಮಾರು 3 ಜಿಬಿ ಆಗುತ್ತದೆ. ಒಂದು ಟಿಬಿಯ ಹಾರ್ಡ್‌ಡಿಸ್ಕಿನಲ್ಲಿ ಅಂಥವು 300ಕ್ಕೂ ಹೆಚ್ಚು ಹಿಡಿಯುತ್ತವೆ. ಜಾಗಕ್ಕಾಗಿ ಜಿಪುಣತನ ಬೇಡ. ಹಿಸ್ ತೆಗೆಯುವ ಸಾಫ್ಟ್‌ವೇರನ್ನು ಮೂಲದ ಮೇಲೆ ಓಡಿಸಲೇಬೇಡಿ. ಬೇಕಿದ್ದರೆ ನಕಲಿನ ಮೇಲೆ ಓಡಿಸಿ, ಹಗುರವಾಗಿ. ಅತಿಯಾದರೆ ದನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ನಾಳೆ ಇನ್ನೂ ಒಳ್ಳೆಯ ಉಪಾಯ ಬಂದಾಗ ಮುಟ್ಟದ ಮೂಲ ಇರಲೇಬೇಕು.

ಟೇಪು ಕಪಾಟಿನಲ್ಲಿ ತಾನಾಗಿ ಉಳಿಯುತ್ತಿತ್ತು ಎಂದೆ. ಫೈಲ್ ಹಾಗೆ ಉಳಿಯುವುದಿಲ್ಲ. ಹಾರ್ಡ್‌ಡಿಸ್ಕು ಒಂದು ದಿನ ಏಳುವುದೇ ಇಲ್ಲ, 2000ದ ಆಸುಪಾಸಿನಲ್ಲಿ ನಾವೇ ಬರೆದಿಟ್ಟ ಸಿ.ಡಿ.ಗಳಲ್ಲಿ ಎಷ್ಟೋ ಈಗ ಓದಿಕೊಳ್ಳುತ್ತಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ: ಈ ಲೆಕ್ಕವನ್ನು ಪಾಲಿಸಿ. ತಂಗಿಯ ಮನೆಯಲ್ಲಿ ಒಂದು ಡಿಸ್ಕ್ ಇಟ್ಟರೂ ಸಾಕು. ಹೊಸದಾಗಿ ಮುದ್ರಿಸುವವರು ಕೆಲಸ ಮುಗಿದ ದಿನವೇ ಪ್ರತಿಯೊಂದು ಟ್ರ್ಯಾಕನ್ನೂ ಆರಂಭದಿಂದ ಕೊನೆಯವರೆಗೆ ವೇವ್ ಫೈಲಾಗಿ ಹೊರತೆಗೆದಿಡಿ. ಹತ್ತು ವರ್ಷದ ಮೇಲೆ ಆ ಸಾಫ್ಟ್‌ವೇರಿನ ಪ್ರಾಜೆಕ್ಟ್ ತೆರೆಯುತ್ತದೆಂಬ ಭರವಸೆ ಇಲ್ಲ. ವೇವ್ ತೆರೆಯುತ್ತದೆ.

ಫೈಲಿಗೆ ಹೆಸರು ಕೊಡಿ. ‘ಆಡಿಯೋ 01’ ಎಂದಿದ್ದರೆ ನಿಮ್ಮ ಮಕ್ಕಳು ಅದನ್ನು ಅಳಿಸುತ್ತಾರೆ, ಅದು ಅವರ ತಪ್ಪಲ್ಲ. ಹಾಡಿದವರು ಯಾರು, ಊರು ಯಾವುದು, ಯಾವ ವರ್ಷ, ಪದ ಯಾರದ್ದು, ಜತೆಗೆ ನುಡಿಸಿದವರು ಯಾರು ಎಂಬುದನ್ನೆಲ್ಲ ಬರೆದು ಫೈಲಿನ ಪಕ್ಕದಲ್ಲೇ ಇಡಿ. ಕ್ಯಾಸೆಟ್ಟಿನ ಕಾರ್ಡಿನ ಮೇಲಿರುವ ಕೈಬರಹದ ಫೋಟೋ ತೆಗೆದು ಸೇರಿಸಿ. ಯೂಟ್ಯೂಬಿಗೆ ಹಾಕುವ ಮುನ್ನ ಹಾಡಿದವರ ಮನೆಗೆ ಹೋಗಿ ಒಪ್ಪಿಗೆ ಕೇಳಿ. 1994ರ ತಿದ್ದುಪಡಿಯ ನಂತರ ನಮ್ಮ ಕಾಪಿರೈಟ್ ಕಾಯ್ದೆ ಪ್ರದರ್ಶನ ನೀಡಿದ ಕಲಾವಿದರಿಗೂ ಹಕ್ಕು ಕೊಡುತ್ತದೆ. ಕಾನೂನು ಹಾಗಿರಲಿ, ನಮ್ಮ ಅಂಗಳಕ್ಕೆ ಬಂದು ಹಾಡಿಹೋದವರು ಆಗ ಒಪ್ಪಿದ್ದು ಒಂದು ಕ್ಯಾಸೆಟ್ಟಿಗೆ. ಲೋಕಕ್ಕೆಲ್ಲ ಕೇಳಿಸಲು ಅವರನ್ನು ಮತ್ತೊಮ್ಮೆ ಕೇಳುವುದು ನಮ್ಮ ಕರ್ತವ್ಯ. ದುಡ್ಡು ಬಂದರೆ ಅವರ ಪಾಲು ಅವರಿಗೆ ಮುಟ್ಟಿಸಿ.

ಗೆಳೆಯರೇ, ಹೊಸ ಇಂಟರ್‌ಫೇಸಿನ ಪೆಟ್ಟಿಗೆ ಬಿಚ್ಚಿದ ಮೇಲೆ ಮೊದಲು ಹೊಸ ಹಾಡು ಮುದ್ರಿಸಬೇಡಿ. ಡೆಕ್ಕಿನ ಲೈನ್‌ಔಟಿನಿಂದ ಎರಡು ವೈರು ಎಳೆದು, ನಿಮ್ಮಲ್ಲಿರುವ ಅತಿ ಹಳೆಯ, ಇನ್ನೆಲ್ಲೂ ಸಿಗದ ಕ್ಯಾಸೆಟ್ಟಿನಿಂದ ಶುರುಮಾಡಿ. ಕಿವಿ ಲೆವೆಲ್ ಕಲಿಯುವುದೂ ಅಲ್ಲೇ, ಸಾಫ್ಟ್‌ವೇರ್ ಕೈಗೆ ಹತ್ತುವುದೂ ಅಲ್ಲೇ. ಊರಿನಲ್ಲಿ ಇಬ್ಬರು ಮೂವರು ಇದ್ದರೆ ಒಂದೇ ಒಳ್ಳೆಯ ಡೆಕ್ಕನ್ನು ರಿಪೇರಿ ಮಾಡಿಸಿ ಹಂಚಿಕೊಳ್ಳಿ. ಮುಂದಿನ ಮಳೆಗಾಲಕ್ಕೆ ಮೊದಲು, ಗಾಳಿಯಲ್ಲಿ ತೇವ ಏರುವ ಮೊದಲು, ಈ ಕೆಲಸಕ್ಕೆ ಕೈ ಹಚ್ಚಿ. ಟೇಪುಗಳೆಲ್ಲ ದಾಟಿ, ಮೂರು ಪ್ರತಿಯೂ ಸರಿಯಿವೆ ಎಂದು ಕೇಳಿ ನೋಡಿದ ಮೇಲೆ ಡೆಕ್ಕನ್ನು ಮಾರುವುದಾದರೆ ಮಾರಿ. ಅದಕ್ಕಿಂತ ಒಳ್ಳೆಯದೆಂದರೆ, ಟೇಪು ಇದ್ದೂ ಡೆಕ್ ಇಲ್ಲದ ಇನ್ನೊಬ್ಬರಿಗೆ ಕೊಡಿ.

ಇಂತಿ,
ನಿಮ್ಮಂತೆಯೇ ಮನೆಯ ಕೋಣೆಯಲ್ಲಿ ಮುದ್ರಿಸುವ ಒಬ್ಬ ಗೆಳೆಯ